ಎಂಟು ಕ್ವಾರ್ಟಿನ ಹೊಟ್ಟೆ

ವೆಂಡೆಲ್ ಬುಡ್ಜಿಕ್ ನದಿರಸ್ತೆಯಲ್ಲಿ ಮಸ್ಟಾಂಗ್ ಓಡಿಸಿದ ವೇಗ ಎಂಥದ್ದೆಂದರೆ, ಕಾರು ಹೋದದ್ದು ಶನಿವಾರ, ಅದರ ಸದ್ದು ಪೋರ್ಟ್ ಗಿಲ್ಬಿಗೆ ಬಂದು ತಲುಪಿದ್ದು ಭಾನುವಾರ. ಅದೂ ಹತ್ತೂವರೆಯ ಬಲಿಪೂಜೆಯ ನಡುವೆ, ಫಾದರ್ ಲೆನಾರ್ಡ್ ಎರಡೂ ಕೈ ಮೇಲೆತ್ತಿದ್ದ ಹೊತ್ತಿಗೆ ಸರಿಯಾಗಿ. ಧಡಾರ್ ಎಂದ ಆ ಸದ್ದಿಗೆ ಬಣ್ಣದ ಗಾಜಿನೊಳಗಿನ ಸಂತರೆಲ್ಲ ಒಂದೊಂದು ಅಂಗುಲ ಪಕ್ಕಕ್ಕೆ ಸರಿದರು. ಮುಂದಿನ ಸಾಲಿನ ಮುದುಕಿಯರು ಅಂತಿಮ ತೀರ್ಪಿನ ದಿನ ಬಂದೇ ಬಿಟ್ಟಿತೆಂದು ಅವಸರದಲ್ಲಿ ತುಟಿಯ ಬಣ್ಣ ಸರಿಮಾಡಿಕೊಂಡರು.

ಹೀಗೆಂದು ಊರಿಗೆಲ್ಲ ಹೇಳಿದವನು ವೆಂಡೆಲನೇ. ನಂಬದವರಿಗೆ ಕಾರಿನ ಕೆಳಗೆ ಬಗ್ಗಿ ನೋಡಲು ಹೇಳುತ್ತಿದ್ದ. ಅಲ್ಲಿ ಎಂಜಿನ್ನಿನ ಹೊಟ್ಟೆ, ಅಂದರೆ ಎಣ್ಣೆ ತುಂಬಿಕೊಂಡು ಜೋತುಬಿದ್ದಿರುವ ಆಯಿಲ್ ಪ್ಯಾನು, ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಎಣ್ಣೆ ಇಳಿಸುವ ಜಾಗದ ಬಿರಡೆಯೇ ಕಿತ್ತು ಹೋಗಿತ್ತು.

"ನೂರನಲವತ್ತು ಮೈಲಿ ವೇಗ. ರೈಲುಹಳಿ ದಾಟುವಾಗ ಹಾರಿದೆ ನೋಡು, ಒಂದು ಬಾತುಕೋಳಿ ಕಿಟಕಿ ಪಕ್ಕ ಬಂದು ನನ್ನ ಮುಖ ನೋಡಿ ನಾಚ್ಕೊಂಡು ಹಿಂದೆ ಉಳೀತು. ಇಳಿಯುವಾಗ ಪ್ಯಾನ್ ಹೋಯ್ತು."

"ಶನಿವಾರ ಒಡೆದದ್ದು ಅಂತೀಯ, ಮತ್ತೆ ಎಣ್ಣೆ ಸುರಿದದ್ದು ಭಾನುವಾರ ಚರ್ಚಿನ ಹತ್ರ?" ಎಂದು ಪಕ್ಕದ ಮನೆಯ ಆರ್ವಿಲ್ ಟ್ಯಾಕೆಟ್ ಕೇಳಿದ.

"ಅಷ್ಟು ವೇಗದಲ್ಲಿ ಹೋದ್ರೆ ಒಡೆದದ್ದು ಎಣ್ಣೆಗೂ ಗೊತ್ತಾಗ್ಬೇಕಲ್ಲ ಮಾರಾಯ!"

ವೆಂಡೆಲನ ಮಾತಿಗೆ ಊರಿನಲ್ಲಿ ತೂಕವಿತ್ತು. ಮೂವತ್ತು ವರ್ಷ ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕಾರ್ಖಾನೆಯೊಳಗಿನ ಚಿಪ್ಸು, ಚಾಕಲೇಟು ಕೊಡುವ ಯಂತ್ರಗಳಿಗೆ ಪೊಟ್ಟಣ ತುಂಬುವುದು ಆತನ ಕೆಲಸವಾಗಿತ್ತು ಎಂಬ ಸಣ್ಣ ವಿವರವನ್ನು ಯಾರೂ ಕೇಳಿರಲಿಲ್ಲ, ಆತನೂ ಹೇಳಿರಲಿಲ್ಲ.

ಇಷ್ಟಕ್ಕೂ ಕಾರು ಆತನದಲ್ಲ. ಅತ್ತೆಯದು. ಅತ್ತೆ ಹೆಡ್ವಿಗ್‌ಗೆ ಎಂಬತ್ತೆಂಟು. ಮೊಮ್ಮಕ್ಕಳು ಅಜ್ಜಿ ಎನ್ನಲು ಬೂಶಾ ಎಂದು ಕರೆದು ಕರೆದು ಈಗ ಊರಿಗೂ ಬೂಶಾ, ಪೊಲೀಸರಿಗೂ ಬೂಶಾ. ಅರವತ್ತೊಂಬತ್ತರ ಆ ಹಸಿರು ಮಸ್ಟಾಂಗನ್ನು ಆಕೆಯ ಗಂಡ ಕ್ಯಾಸ್ ಹೊಸದಾಗಿ ಕೊಂಡು, ಹೆಂಡತಿಗಿಂತ ಹೆಚ್ಚು ಒರೆಸಿ, ಹೋದ ಚಳಿಗಾಲದಲ್ಲಿ ಬಿಟ್ಟು ಸತ್ತಿದ್ದ. ಆಮೇಲೆ ಬೂಶಾಳನ್ನು ಭಾನುವಾರ ಚರ್ಚಿಗೆ ಅದೇ ಕಾರಿನಲ್ಲಿ ಒಂದು ವಾರ ಮಗ ನಾರ್ಬರ್ಟ್, ಇನ್ನೊಂದು ವಾರ ಅಳಿಯ ವೆಂಡೆಲ್ ಕರೆದೊಯ್ಯುತ್ತಿದ್ದರು. ಕಾರು ಕೊನೆಗೆ ಯಾರಿಗೆ ಎಂಬುದನ್ನು ಇಬ್ಬರೂ ಕೇಳುತ್ತಿರಲಿಲ್ಲ. ಇಬ್ಬರೂ ಆಕೆಯ ಆರೋಗ್ಯ ವಿಚಾರಿಸುತ್ತಿದ್ದರು.

ಆ ಪ್ರಶ್ನೆ ಬಗೆಹರಿದದ್ದು ಸದ್ದು ಕೇಳಿದ ಅದೇ ಭಾನುವಾರ, ವೆಂಡೆಲನ ಸರದಿಯ ವಾರ. ಪೂಜೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಮತ್ತು ಪೂಂಚ್ಕಿ ಇಡುವುದು ಅಲ್ಲಿಯ ಪದ್ಧತಿ. ಪೂಂಚ್ಕಿ ಎಂದರೆ ಹೂರಣ ತುಂಬಿ ಕರಿದು ಸಕ್ಕರೆಪುಡಿಯಲ್ಲಿ ಹೊರಳಿಸಿದ ಉಂಡೆ. ಒಂದು ತಿಂದರೆ ಮಧ್ಯಾಹ್ನದ ಊಟ ಬೇಡ, ಎರಡು ತಿಂದರೆ ಸಾಯಂಕಾಲದ ಪಾಪನಿವೇದನೆಗೆ ವಿಷಯ ಸಿಕ್ಕಿತು. ಒಣ ಪ್ಲಮ್ ಹೂರಣದ್ದನ್ನು ಬೂಶಾಳಿಗೆಂದೇ ಅಡುಗೆಮನೆಯ ಕಿಟಕಿಯ ಬಳಿ ಬೇರೆ ತಟ್ಟೆಯಲ್ಲಿ ಮುಚ್ಚಿಡುತ್ತಿದ್ದರು. ಆ ದಿನ ಮುಚ್ಚಳ ತೆಗೆದರೆ ತಟ್ಟೆ ಖಾಲಿ! ಬೂಶಾ ಸುತ್ತ ಕಣ್ಣಾಡಿಸಿದಳು. ನಾರ್ಬರ್ಟನ ಟೈ ಮೇಲೆ ಸಕ್ಕರೆಪುಡಿ ಇತ್ತು.

"ಅಮ್ಮಾ, ನಾನು ತಿಂದದ್ದು ನಿಂಬೆದು!"

"ಹೆತ್ತ ತಾಯಿ ತಟ್ಟೆಗೆ ಕೈಹಾಕೋನು ನಿಂಬೆ ಆದ್ರೇನು, ಪ್ಲಮ್ ಆದ್ರೇನು!" ಬೂಶಾ ಕೋಲು ಕುಟ್ಟಿದಳು. "ಸಾಸೇಜ್ ಹಬ್ಬದ ಮೆರವಣಿಗೆಗೆ ಈ ಸಲ ನಾನೇ ಮುಖ್ಯ ಅತಿಥಿ. ಕ್ಯಾಸ್‌ನ ಕಾರಲ್ಲೇ ಕೂತು ಚರ್ಚಿನ ಮೆಟ್ಟಿಲು ಮುಟ್ಬೇಕು ನಾನು. ಮುಟ್ಟಿಸಿದ್ರೆ ಕಾರು ನಿಮ್ದು, ಅಳಿಯಂದ್ರೇ. ಮುಟ್ಟಿಸದೇ ಇದ್ರೆ ಹಾಳಾಗ್ಲಿ, ಈ ಕಳ್ಳನಿಗೇ ಕೊಡ್ತೀನಿ."

ವೆಂಡೆಲ್ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ. ಆ ಕೈ ಬಹಳ ಸ್ವಚ್ಛವಾಗಿತ್ತು, ಈಗಷ್ಟೇ ತೊಳೆದಂತಿತ್ತು.

ಹೀಗಾಗಿ ಆತ ಆಯಿಲ್ ಪ್ಯಾನ್ ಆರಿಸಲು ಗ್ಲೆಂಡಾಳ ಬಿಡಿಭಾಗದ ಅಂಗಡಿಗೆ ಹೊರಟ.

ಆ ಅಂಗಡಿಯ ಕಟ್ಟೆಗೆ ಒರಗಿಕೊಂಡು ಸದಾ ಏಳೆಂಟು ಗಂಡಸರು ಪುಕ್ಕಟೆ ಕಾಫಿ ಕುಡಿಯುತ್ತಿರುತ್ತಾರೆ. ಅವರು ಏನನ್ನೂ ಕೊಳ್ಳುವುದಿಲ್ಲ. ಬೇರೆಯವರು ಕೊಳ್ಳುವುದನ್ನು ಕೇಳಿಸಿಕೊಳ್ಳುವುದೇ ಅವರ ಉದ್ಯೋಗ. ಅಲ್ಲಿ ಗಂಡಸಾದವನು ಪ್ರಶ್ನೆ ಕೇಳಬಾರದು ಎಂಬುದು ಬರೆಯದ ಶಾಸನ. ಎಣ್ಣೆಯ ಮುಚ್ಚಳ ಯಾವ ಕಡೆ ತಿರುಗಿಸಬೇಕೆಂದು ಯೌವನದಲ್ಲಿ ಒಮ್ಮೆ ಕೇಳಿದ ಪಾಪದವನೊಬ್ಬ ಸಾಯುವ ತನಕ ‘ಮುಚ್ಚಳ’ವಾಗಿಯೇ ಉಳಿದ. ಗೋರಿಕಲ್ಲಿನ ಮೇಲಾದರೂ ನಿಜವಾದ ಹೆಸರು ಹಾಕಿಸೋಣವೆಂದರೆ ಅದು ಯಾರಿಗೂ ನೆನಪಿರಲಿಲ್ಲ.

"ಯಾವ ಎಂಜಿನ್, ವೆಂಡೆಲ್?" ಗ್ಲೆಂಡಾ ಕನ್ನಡಕ ಏರಿಸಿದಳು.

"ದೊಡ್ಡದು."

"ಮುನ್ನೂರೆರಡೋ, ಮುನ್ನೂರೈವತ್ತೊಂದೋ? ಒಂದರ ಪ್ಯಾನ್ ಇನ್ನೊಂದಕ್ಕೆ ಕೂರಲ್ಲ."

ವೆಂಡೆಲ್ ಕಟ್ಟೆಯ ಮೇಲೆ ಮೊಣಕೈ ಊರಿದ. ಎರಡು ಸಂಖ್ಯೆ ಎದುರಾದಾಗ ದೊಡ್ಡದನ್ನೇ ಹೇಳುವುದು ಆತನ ಜೀವನಧರ್ಮ. "ಐವತ್ತೊಂದು" ಎಂದ. ಸರಿಯಾಗಿತ್ತು.

"ಗುಂಡಿ ಮುಂದಿರೋದಾ, ಹಿಂದಿರೋದಾ? ತಪ್ಪು ತಗೊಂಡ್ರೆ ಎಣ್ಣೆ ನಿಲ್ಲೋ ಆ ಗುಂಡಿ ಅಡ್ಡಪಟ್ಟಿಗೆ ಬಡಿದು ಎಂಜಿನ್ ಕೂರೋದೇ ಇಲ್ಲ."

"ಏನ್ ಗ್ಲೆಂಡಾ ಹೀಗೆ ಕೇಳ್ತೀಯ! ಮುಂದಕ್ಕೆ ಹೋಗೋ ಕಾರಿಗೆ ಗುಂಡಿ ಮುಂದಿಲ್ದೆ ಇನ್ನೇನು?"

ಇದೂ ಸರಿಯಾಗಿತ್ತು. ಪೆದ್ದರ ಬೆನ್ನಿಗೆ ದೇವರಿದ್ದಾನೆ ಎನ್ನುವುದು ಸುಳ್ಳಲ್ಲ, ಆದರೆ ಆತನಿಗೂ ಬೇರೆ ಕೆಲಸಗಳಿರುತ್ತವೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ದೇವರು ಎದ್ದು ಹೋದ.

"ಹಾಗಾದ್ರೆ ಸಾಮಾನ್ಯದ್ದೇ ಕೊಡ್ತೀನಿ. ಐದು ಕ್ವಾರ್ಟ್ ಎಣ್ಣೆ ಹಿಡಿಯೋದು, ಹತ್ತತ್ರ ಐದು ಲೀಟರ್. ಮೆರವಣಿಗೆಗೆ ಅದೇ ಬೇಕಾದಷ್ಟಾಯ್ತು."

ಕಾಫಿ ಲೋಟದ ಹಿಂದಿನಿಂದ ಆರ್ವಿಲ್ ಕಿಸಕ್ಕೆಂದ. "ಸಾಮಾನ್ಯದ್ದಂತೆ! ಬಾತುಕೋಳಿ ನಾಚ್ಕೊಂಡ ಕಾರಿಗೆ!"

ವೆಂಡೆಲ್ ತಲೆಯೆತ್ತಿದ. ಗೋಡೆಯ ಮೇಲೆ, ಸಂತರ ಪ್ರಭಾವಳಿಯಂತೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತ, ಸ್ನಾನದ ತೊಟ್ಟಿಯಷ್ಟು ದೊಡ್ಡದೊಂದು ಪ್ಯಾನು ನೇತಾಡುತ್ತಿತ್ತು.

"ಅದು?"

"ಅದು ರೇಸಿನ ಕಾರಿಗೆ. ಎಂಟು ಕ್ವಾರ್ಟ್ ಹಿಡಿಯತ್ತೆ. ಗಾಡಿ ಜಿಗಿದಾಗ ಎಣ್ಣೆ ಹಿಂದಕ್ಕೆ ಓಡಬಾರದು ಅಂತ ಒಳಗೆ ತಡೆಗೋಡೆ, ಪುಟ್ಟ ಬಾಗಿಲು, ಎಲ್ಲ ಇದೆ. ಆದ್ರೆ ಆಳ ಜಾಸ್ತಿ ಕಣಯ್ಯ, ನೆಲಕ್ಕೆ ಹತ್ರ ಬರತ್ತೆ."

"ಅದೇ ಕೊಡು."

"ಯಾಕೆ?"

ಏಳೆಂಟು ಲೋಟಗಳು ತುಟಿಗೆ ಅರ್ಧ ದಾರಿಯಲ್ಲಿ ನಿಂತವು.

"ಯಾಕೆ ಅಂತ ಮೆರವಣಿಗೆ ದಿನ ಗೊತ್ತಾಗತ್ತೆ" ಎಂದ ವೆಂಡೆಲ್, ಗದ್ದ ಮೇಲೆ ಮಾಡಿ. ಆ ಮಾತಿಗೆ ಏನರ್ಥ ಎಂಬುದು ಆತನಿಗೂ ಗೊತ್ತಿರಲಿಲ್ಲ. ಆದರೆ ಕೇಳಲು ಬಹಳ ಚೆನ್ನಾಗಿತ್ತು.

"ಎಣ್ಣೆ ಹೀರೋ ಕೊಳವೆ? ಹಳೇದು ಇದರ ತಳ ಮುಟ್ಟಲ್ಲ, ಗಾಳಿ ಕುಡಿಯತ್ತೆ."

"ಮನೇಲಿದೆ. ನಾಲ್ಕಿವೆ."

ವೆಂಡೆಲ್ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಪೋರ್ಟ್ ಗಿಲ್ಬಿಯ ಸುದ್ದಿಗೆ ಸಂಚಾರ ದೀಪಗಳು ಅನ್ವಯಿಸುವುದಿಲ್ಲ. ಹೆಂಡತಿ ಮಾರ್ಲೀನ್ ಬಾಗಿಲಲ್ಲೇ ನಿಂತಿದ್ದಳು.

"ನಮ್ಮಮ್ಮನ್ನ ಕೂರಿಸ್ಕೊಂಡು ರೇಸ್ ಮಾಡ್ತೀರಂತೆ?"

"ರೇಸ್ ಅಂತ ನಾನೆಲ್ಲಿ ಅಂದೆ?"

"ಅಲ್ಲ ಅಂತಾನೂ ಅನ್ಲಿಲ್ವಲ್ಲ."

ಅದು ನಿಜ. ಅಲ್ಲ ಎನ್ನಲು ಆತ ಬಾಯಿ ತೆರೆಯುವಷ್ಟರಲ್ಲಿ ಪೊಲೀಸ್ ಕಾರು ಬಂತು. ಸಾರ್ಜೆಂಟ್ ಮೊಲ್ನಾರ್ ಎಂಬ ಗಟ್ಟಿ ಹೆಂಗಸು ಟೋಪಿ ಸರಿಮಾಡಿಕೊಂಡು ಇಳಿದಳು.

"ಮಿಸ್ಟರ್ ಬುಡ್ಜಿಕ್, ಮೆರವಣಿಗೆಯಲ್ಲಿ ನಡೆಯೋ ವೇಗಕ್ಕಿಂತ ಹೆಚ್ಚು ಹೋಗೋ ಹಾಗಿಲ್ಲ."

"ಯಾರು ನಡೆಯೋ ವೇಗ?"

"ಶಾಲೆ ಬ್ಯಾಂಡಿನವರದ್ದು. ನಿಮ್ಮ ಮುಂದೆ ಅವರೇ ಇರ್ತಾರೆ. ಅವರ ಮೇಲೆ ಹಾರೋ ಹಾಗೂ ಇಲ್ಲ, ಅದನ್ನೂ ಹೇಳಿಬಿಡ್ತೀನಿ."

ಈ ಹಂತದಲ್ಲಿ ಬುದ್ಧಿಯಿರುವ ಯಾವನೇ ಆದರೂ ನಿಜ ಹೇಳಿ ಪಾರಾಗುತ್ತಿದ್ದ. ಆದರೆ ವೇಗದ ವಿಷಯಕ್ಕೆ ವೆಂಡೆಲನ ಮನೆಗೆ ಪೊಲೀಸರು ಬಂದದ್ದು ಅರವತ್ತೇಳು ವರ್ಷದಲ್ಲಿ ಇದೇ ಮೊದಲು. ಹಿಂದೊಮ್ಮೆ ಬಂದಿದ್ದರು, ಹೆದ್ದಾರಿಯಲ್ಲಿ ತೀರಾ ನಿಧಾನವಾಗಿ ಹೋದನೆಂದು. ಆತ ಬೇಲಿಯಾಚೆ ನಿಂತ ಆರ್ವಿಲನಿಗೆ ಕೇಳುವಂತೆ ಹೇಳಿದ: "ಸಾರ್ಜೆಂಟ್, ಈ ಎಚ್ಚರಿಕೆನ ಕಾಗದದ ಮೇಲೆ ಬರೆದು ಕೊಡಿ. ಚೌಕಟ್ಟು ಹಾಕಿಸ್ತೀನಿ."

ಮರುದಿನ ಫಾದರ್ ಲೆನಾರ್ಡ್ ಬಂದರು. ಸಾಯುವವರಿಗೆ ಕೊಡುವ ಅಂತಿಮ ಸಂಸ್ಕಾರವನ್ನು ಬೂಶಾಳಿಗೆ ಮುಂಗಡವಾಗಿ ಕೊಟ್ಟುಬಿಡಲೋ, ಅಥವಾ ಮೆರವಣಿಗೆಯ ಜೊತೆ ಸೈಕಲ್ ಮೇಲೆ ಬರಲೋ ಎಂದು ಕೇಳಿದರು.

"ಸೈಕಲ್ ನಮ್ಮ ಕಾರನ್ನ ಹಿಡಿಯಲ್ಲ ಫಾದರ್" ಎಂದ ವೆಂಡೆಲ್, ವಿಷಾದದಿಂದ.

ಬೂಶಾ ಹೆದರಿಯಾಳು, ಬೇಡವೆಂದಾಳು, ಆಗ ದೊಡ್ಡ ಮನಸ್ಸು ಮಾಡಿ ರೇಸು ಬಿಟ್ಟುಕೊಟ್ಟಂತೆ ಮಾಡಿದರಾಯಿತು ಎಂದು ಆತ ಲೆಕ್ಕ ಹಾಕಿದ್ದ. ಅವಳ ಮನೆಗೆ ಹೋದರೆ ಬೂಶಾ ಮೊಮ್ಮಗನ ಹಾಕಿ ಆಟದ ಹೆಲ್ಮೆಟ್ ಧರಿಸಿ, ಮುಖದ ಕಂಬಿಗಳ ಹಿಂದೆ ಹಲ್ಲಿಲ್ಲದ ನಗೆ ನಗುತ್ತ ಕುರ್ಚಿಯಲ್ಲಿ ಕೂತಿದ್ದಳು.

"ಐವತ್ತು ವರ್ಷ ಕ್ಯಾಸ್ ನನ್ನನ್ನ ಇಪ್ಪತ್ತೈದು ಮೈಲಿ ವೇಗದಲ್ಲಿ ಸುತ್ತಿಸಿದ. ಕಾರಿಗೆ ಧೂಳು ಹಿಡಿಯತ್ತೆ ಅಂತಿದ್ದ! ನೀವೊಬ್ರೇ ಗಂಡಸು ಅಳಿಯಂದ್ರೇ. ಹೆಲ್ಮೆಟ್ ಪಟ್ಟಿ ಸ್ವಲ್ಪ ಬಿಗಿ ಮಾಡಿ."

ವೆಂಡೆಲ್ ಪಟ್ಟಿ ಬಿಗಿ ಮಾಡಿದ. ಬಿಗಿಯಾದದ್ದು ತನ್ನ ಕುತ್ತಿಗೆಗೇ ಎಂದು ಆತನಿಗೆ ಅನ್ನಿಸಿತು.

ಇನ್ನು ಆ ಕೊಳವೆಯ ವಿಷಯ. ಮನೆಯಲ್ಲಿ ನಾಲ್ಕಿರಲಿಲ್ಲ; ಒಂದೂ ಇರಲಿಲ್ಲ. ಗ್ಲೆಂಡಾಳ ಬಳಿ ಮತ್ತೆ ಹೋದರೆ ‘ಕೊಳವೆ’ ಎಂಬ ಹೆಸರು ಗೋರಿಕಲ್ಲಿನ ತನಕ ಬರುವುದು ಖಂಡಿತ. ಹಾಗಾಗಿ ಕಪ್ಪು ಕನ್ನಡಕ ಹಾಕಿಕೊಂಡು, ಕೊರಳಪಟ್ಟಿ ಮೇಲೆತ್ತಿಕೊಂಡು, ಮೂರೂರು ಆಚೆಯ ಅಂಗಡಿಗೆ ಹೋದ. ಕಟ್ಟೆಯ ಹಿಂದೆ ಬಗ್ಗಿದ್ದ ಹೆಂಗಸು ಎದ್ದು ನಿಂತಳು. ಗ್ಲೆಂಡಾ!

"ಗುರುವಾರ ನಾನಿಲ್ಲಿ, ನಮ್ಮಕ್ಕನಿಗೆ ರಜೆ" ಎಂದು ಅವಳು ಕೊಳವೆಯನ್ನು ಮುಂದಿಟ್ಟಳು. ಅದನ್ನು ಮೊದಲೇ ಕಾಗದದಲ್ಲಿ ಸುತ್ತಿಟ್ಟಿದ್ದಳು. "ಐದನೇದು ಇರ್ಲಿ ಅಂತ ಬಂದ್ಯಾ? ಕನ್ನಡಕ ತೆಗಿ, ಬಾಗಿಲಿಗೆ ಗುದ್ಕೋತೀಯ."

ಗಂಡ ಹೆಂಡತಿ ಸೇರಿ ಜ್ಯಾಕಿನಲ್ಲಿ ಎಂಜಿನ್ ಎತ್ತಿ ಬಂಗಾರದ ಹೊಟ್ಟೆ ಕೂರಿಸಿದರು. ವೆಂಡೆಲ್ ಆಜ್ಞೆ ಕೊಟ್ಟ. ಮಾರ್ಲೀನ್ ಬೋಲ್ಟು ತಿರುಗಿಸಿದಳು. ಕಾರು ನೆಲಕ್ಕಿಳಿದ ಮೇಲೆ ಮಾರ್ಲೀನ್ ಮಂಡಿಯೂರಿ ಕೆಳಗೆ ನೋಡಿದಳು.

"ರೀ, ಇದರಡಿ ಒಂದು ಬ್ರೆಡ್ಡಿನ ತುಂಡು ಹೋಗತ್ತೆ. ಬೆಣ್ಣೆ ಹಚ್ಚಿದ್ರೆ ಹೋಗಲ್ಲ."

"ರೇಸಿನ ಗಾಡಿ ಹಾಗೇ ಇರಬೇಕು ಕಣೇ."

"ಚರ್ಚಿಗೆ ಹೋಗೋ ದಾರೀಲಿ ರೈಲುಹಳಿಯ ದಿಬ್ಬ ಇದೆಯಲ್ಲ?"

ವೆಂಡೆಲ್ ಆ ದಿನ ಊಟ ಬೇಡವೆಂದ. ಮದುವೆಯಾದ ಮೇಲೆ ಇದೇ ಮೊದಲಾದ್ದರಿಂದ ಮಾರ್ಲೀನ್ ಹಣೆ ಮುಟ್ಟಿ ನೋಡಿದಳು.

ಹಬ್ಬದ ದಿನ ರಸ್ತೆಯ ಇಕ್ಕೆಲದಲ್ಲಿ ಜಾಗ ಹಿಡಿಯಲು ಜನ ಹಿಂದಿನ ದಿನವೇ ಮಡಚು ಕುರ್ಚಿ ಇಟ್ಟುಹೋಗಿದ್ದರು. ಹಳಿಯ ದಿಬ್ಬದ ಹತ್ತಿರ ಮಾತ್ರ ಕುರ್ಚಿಯ ಮೇಲೆ ಕುರ್ಚಿ. ವೆಂಡೆಲ್ ಹಾರುವುದು ಅಲ್ಲಿಂದಲೇ ಎಂದು ಆರ್ವಿಲ್ ಸುಣ್ಣದಲ್ಲಿ ಗೆರೆಯನ್ನೂ ಎಳೆದಿದ್ದ. ಮುಂದೆ ಶಾಲೆಯ ಬ್ಯಾಂಡು, ಹಿಂದೆ ಹಸಿರು ಮಸ್ಟಾಂಗು. ಅದರ ಹಿಂದೆ ಕಸಾಯಿ ಸಂಘದವರು ಹೆಗಲ ಮೇಲೆ ಹೊತ್ತ ಮೂವತ್ತಡಿ ಉದ್ದದ ಒಂದೇ ಸಾಸೇಜು. ಕೊನೆಗೆ, ಯಾವಾಗ ಬೇಕಾದರೂ ಕಾರಿನ ಒಡೆತನ ವಹಿಸಿಕೊಳ್ಳಲು ಸಿದ್ಧನಾಗಿ, ತನ್ನ ವ್ಯಾನಿನಲ್ಲಿ ನಾರ್ಬರ್ಟ್.

"ಒತ್ರೀ ಅಳಿಯಂದ್ರೇ!" ಹೆಲ್ಮೆಟ್ಟಿನೊಳಗಿಂದ ಬೂಶಾ ಕೂಗಿದಳು.

"ಎಂಜಿನ್ ಬಿಸಿಯಾಗ್ಲಿ ಅತ್ತೆ."

"ಬಿಸಿಯಾಗಿ ನನ್ನ ಕಾಲು ಸುಡ್ತಾ ಇದೆ. ಒತ್ರೀ!"

ದಿಬ್ಬ ಬಂತು. ವೆಂಡೆಲ್ ಉಸಿರು ಒಳಗೆಳೆದುಕೊಂಡ, ತನ್ನ ಹೊಟ್ಟೆ ಕುಗ್ಗಿದರೆ ಕಾರಿನದೂ ಕುಗ್ಗೀತು ಎಂಬಂತೆ. ಮುಂದಿನ ಚಕ್ರಗಳು ಹತ್ತಿದವು, ದಾಟಿದವು. ಜನ ಕುರ್ಚಿ ಬಿಟ್ಟು ಎದ್ದರು. ಕರ್‍ರ್ ಎಂಬ ಸದ್ದಾಯಿತು. ಕಾರು ಹಳಿಯ ಮೇಲೆ ಹೊಟ್ಟೆಯೂರಿ, ಮಕ್ಕಳಾಡುವ ಏರಿಳಿತದ ಹಲಗೆಯಂತೆ ಒಮ್ಮೆ ಮುಂದೆ ಬಾಗಿತು, ಒಮ್ಮೆ ಹಿಂದೆ ಬಾಗಿ ನಿಂತಿತು. ಆಮೇಲೆ ಎಂಟು ಕ್ವಾರ್ಟ್ ಎಣ್ಣೆ ಹೊರಟಿತು. ಎಂಟು ಎಂದು ಗ್ಲೆಂಡಾ ಹೇಳಿದ್ದಳಷ್ಟೇ, ಕಂಡವರು ಎಂಬತ್ತೆನ್ನುತ್ತಾರೆ. ಕಸಾಯಿಗಳು ಒಬ್ಬೊಬ್ಬರಾಗಿ ಜಾರಿದರು. ಸಾಸೇಜು ಮಾತ್ರ ಬೀಳಲಿಲ್ಲ. ಅದು ತಾನೇ ಮುಂದಕ್ಕೆ ಹರಿದು ಹೋಗಿ ಟ್ಯೂಬಾ ಊದುತ್ತಿದ್ದವನನ್ನು ಎರಡು ಸುತ್ತು ಸುತ್ತಿತು. ಆತ ಊದುವುದನ್ನು ನಿಲ್ಲಿಸಲಿಲ್ಲ. ಅಂಥ ಶಿಸ್ತಿನ ಬ್ಯಾಂಡು ಅದು.

"ಹಾರಿದ್ವಾ?" ಬೂಶಾ ಕೇಳಿದಳು.

"ಹಾರಿ ಇಳಿದ್ವಿ ಅತ್ತೆ. ಎಷ್ಟು ಬೇಗ ಅಂದ್ರೆ ನಿಮಗೆ ಗೊತ್ತಾಗ್ಲಿಲ್ಲ" ಎಂದು ವೆಂಡೆಲ್ ಎಂಜಿನ್ ಆರಿಸಿ ಕೆಳಗಿಳಿದ. ಆತನ ಮುಖ ಸೀಮೆಸುಣ್ಣವಾಗಿತ್ತು, ಆದರೆ ನಾಲಿಗೆ ಗಟ್ಟಿಯಾಗಿಯೇ ಇತ್ತು. "ತಳ್ರಪ್ಪಾ! ಮುಖ್ಯ ಅತಿಥಿಗಳ ಕಾರನ್ನ ಸದ್ದು ಮಾಡ್ದೆ ತಳ್ಕೊಂಡು ಹೋಗೋದೇ ಗೌರವ. ಎಲ್ಲಾ ದೊಡ್ಡ ಊರುಗಳಲ್ಲೂ ಹಾಗೇ."

ಕಸಾಯಿಗಳು ತಳ್ಳಿದರು, ಬ್ಯಾಂಡಿನವರು ತಳ್ಳಿದರು, ಸಾರ್ಜೆಂಟ್ ಮೊಲ್ನಾರ್ ಕೂಡ ಹೆಗಲು ಕೊಟ್ಟಳು. ಕಾರು ದಿಬ್ಬ ಇಳಿದು ಚರ್ಚಿನ ಮೆಟ್ಟಿಲನ್ನು ಮುಟ್ಟಿಯೇ ಬಿಟ್ಟಿತು!

ನಾರ್ಬರ್ಟ್ ಓಡಿಬಂದ. "ಅಮ್ಮಾ, ಇದು ಲೆಕ್ಕಕ್ಕಿಲ್ಲ! ತಳ್ಳಿದ್ರು!"

"ಕಾರಲ್ಲಿ ಕೂತು ಮೆಟ್ಟಿಲು ಮುಟ್ಬೇಕು ಅಂದಿದ್ದೆ. ಕೂತಿದೀನಿ, ಮುಟ್ಟಿದೀನಿ. ತಳ್ಬಾರ್ದು ಅಂತ ನಾನು ಅಂದಿದ್ನಾ?" ಬೂಶಾ ಕಾರಿನ ಕೀಲಿಯನ್ನು ಕಿತ್ತು ಎತ್ತಿ ಹಿಡಿದಳು. "ತಗೊಳ್ಳಿ ಅಳಿಯಂದ್ರೇ."

ವೆಂಡೆಲ್ ಕೈ ಚಾಚಿದ. ಕೀಲಿಗೂ ಆ ಕೈಗೂ ನಡುವೆ ಬ್ರೆಡ್ಡಿನ ತುಂಡಿನಷ್ಟು ಜಾಗವಿದ್ದಾಗ ಗ್ಲೆಂಡಾ ಕಾರಿನ ಕೆಳಗಿಂದ ಎದ್ದಳು. "ಪ್ಯಾನು ಸೀಳಿದೆ, ಬಿರಡೆನೂ ಕಿತ್ತು ಬಂದಿದೆ ನೋಡಿ" ಎಂದು ಎಣ್ಣೆ ಮೆತ್ತಿದ ದಪ್ಪ ಬೋಲ್ಟೊಂದನ್ನು ತೋರಿಸಿದಳು.

ಫಾದರ್ ಲೆನಾರ್ಡರ ಮುಖ ಅರಳಿತು. "ಅರೆ! ಇದರ ತಮ್ಮ ನಮ್ಮಲ್ಲಿದಾನೆ!" ಎಂದು ಒಳಗೋಡಿ, ಕಳೆದುಹೋದ ಕೊಡೆ, ಜಪಮಾಲೆ, ಹಲ್ಲಿನ ಸೆಟ್ಟು ಇಟ್ಟಿದ್ದ ಪೆಟ್ಟಿಗೆ ತಂದು ಅಂಥದೇ ಬಿರಡೆಯೊಂದನ್ನು ಎತ್ತಿ ಹಿಡಿದರು. "ಯಾರದಪ್ಪಾ ಅಂತ ಎಷ್ಟು ವಾರದಿಂದ ಕೇಳ್ತಿದೀನಿ. ಯಾರೂ ಮುಂದೆ ಬರ್ಲಿಲ್ಲ."

ವೆಂಡೆಲ್ ಒಂದು ಹೆಜ್ಜೆ ಹಿಂದೆ ಸರಿದ.

"ಎಲ್ಲಿ ಸಿಕ್ತು ಫಾದರ್?" ಬೂಶಾ ಹೆಲ್ಮೆಟ್ ತೆಗೆದಳು.

"ಕಾರು ನಿಲ್ಸೋ ಜಾಗದಲ್ಲಿ, ಚಕ್ರಕ್ಕೆ ಅಡ್ಡ ಹಾಕಿರೋ ಸಿಮೆಂಟಿನ ದಿಮ್ಮಿ ಇದೆಯಲ್ಲ, ಅದರಡಿ. ಆ ಸದ್ದು ಬಂದ ಭಾನುವಾರ."

"ಯಾವ ದಿಮ್ಮಿ?"

"ಕೆಳಗಿನ ಅಡುಗೆಮನೆ ಬಾಗಿಲ ಪಕ್ಕದ್ದು."

ಬ್ಯಾಂಡು ನಿಂತಿತು. ಟ್ಯೂಬಾದವನೂ ನಿಲ್ಲಿಸಿದ. ಎಣ್ಣೆಯ ಕೊನೆಯ ಹನಿಗಳು ಟಪ್ ಟಪ್ ಎಂದು ಬೀಳುವುದು ಊರಿಗೆಲ್ಲ ಕೇಳಿಸಿತು.

"ಅಳಿಯಂದ್ರೇ," ಬೂಶಾಳ ಧ್ವನಿ ಬೆಣ್ಣೆಯಂತಿತ್ತು, "ಎಲ್ರೂ ಪೂಜೇಲಿರೋವಾಗ ಅಡುಗೆಮನೆ ಹತ್ರ ನಿಮಗೇನು ಕೆಲಸ?"

ವೆಂಡೆಲ್ ಸುತ್ತ ನೋಡಿದ. ಬಾತುಕೋಳಿಯ ಕಥೆಯ ಎರಡನೆಯ ಭಾಗ ಬಾಯಿಯ ತನಕ ಬಂತು. ಆದರೆ ಎದುರಿಗೆ ಫಾದರ್ ಇದ್ದರು, ಪೊಲೀಸಿದ್ದಳು, ಗ್ಲೆಂಡಾ ಇದ್ದಳು; ಇಷ್ಟು ಜನರ ಮೇಲೆ ಒಂದೇ ನೆಗೆತಕ್ಕೆ ಹಾರುವ ಸುಳ್ಳು ಆತನ ಬಳಿಯೂ ಇರಲಿಲ್ಲ.

"ಹಸಿವಾಗಿತ್ತು ಅತ್ತೆ."

"ನೂರನಲವತ್ತು ಮೈಲಿ?"

"ಇಲ್ಲ. ತಟ್ಟೆ ಖಾಲಿ ಮಾಡಿ ಕಾರಲ್ಲಿ ಬಂದು ಕೂತಿದ್ದೆ. ಚರ್ಚಿನ ಬಾಗಿಲು ಕಿರ್ ಅಂತು. ಯಾರೋ ಬಂದ್ರು ಅಂತ ಹಿಂದಕ್ಕೆ ತೆಗೆಯೋಕೆ ಹೋಗಿ ಮುಂದಿನ ಗೇರ್ ಹಾಕ್ಬಿಟ್ಟೆ. ದಿಮ್ಮಿ ಹತ್ತಿತು. ವೇಗ... ನೀವು ಕೋಲು ಹಿಡ್ಕೊಂಡು ನಡೀತೀರಲ್ಲ, ಅಷ್ಟು."

"ನಾನ್ ಹೇಳ್ಲಿಲ್ವಾ ಅಮ್ಮಾ! ನಿಂಬೇದು! ನಿಂಬೇದು!" ನಾರ್ಬರ್ಟ್ ಕುಣಿದ. ಬೂಶಾ ಕೀಲಿಯನ್ನು ಆತನತ್ತ ಎಸೆದಳು. ಆತ ಹಿಡಿದುಕೊಂಡ ಮರುಕ್ಷಣವೇ ಗ್ಲೆಂಡಾ ಅವನ ಕಡೆ ತಿರುಗಿದಳು: "ಹಾಗಾದ್ರೆ ಹೊಸ ಪ್ಯಾನ್ ನಿನಗೆ ಬೇಕು. ಯಾವ್ದು ಕೊಡ್ಲಿ? ಸಾಮಾನ್ಯದ್ದೇ ಸಾಕಲ್ವಾ?"

ನಾರ್ಬರ್ಟ್ ಸುತ್ತ ನಿಂತ ಗಂಡಸರನ್ನು ನೋಡಿದ. ಗದ್ದ ಮೇಲೆ ಮಾಡಿದ. "ಸಾಮಾನ್ಯದ್ದಾ? ನನಗಾ?"

ಬೂಶಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಇನ್ನೂ ಅಳಿಯನನ್ನೇ ನೋಡುತ್ತಿದ್ದಳು.

"ಬೆಳಗಿನ ಹಸಿವಿಗೆ ಒಂದು ತಿಂದ್ರಿ. ಹೋಗ್ಲಿ. ಒಂದೇ ತಾನೆ?"

ವೆಂಡೆಲ್ ಬದುಕಿನಲ್ಲಿ ಮೊದಲ ಬಾರಿಗೆ ಸಣ್ಣ ಸಂಖ್ಯೆಯನ್ನು ಹೇಳಲು ಹೊರಟ. ಬಾಯಿ ತೆರೆದ. ಮಾರ್ಲೀನ್ ಆತನ ಹೊಟ್ಟೆಯನ್ನು ನೋಡಿದಳು. ಆತ ತಲೆ ತಗ್ಗಿಸಿದ.

"ತಟ್ಟೇಲಿ ನಾಲ್ಕಿದ್ವು ಅತ್ತೆ."